ಕಾತ್ಯಾಯನಿ ಹತ್ತಿದ ರೈಲು

ಕಾತ್ಯಾಯನಿ ಎಂದರೆ ನನಗೆ ಮೊದಲು ನೆನಪಾಗುವುದು ರೈಲು. ಶ್ರೀನಿವಾಸ ಶ್ರೋತ್ರಿಗಳ ಸೊಸೆ, ಚೀನಿಯ ತಾಯಿ, ರಾಜನ ಹೆಂಡತಿ ಎಂದೆಲ್ಲ ಅವಳ ಗುರುತು ಹೇಳಬಹುದು; ‘ವಂಶವೃಕ್ಷ’ ಓದಿದವರು ಹಾಗೇ ಹೇಳುತ್ತಾರೆ. ಆ ಗುರುತುಗಳೆಲ್ಲ ಒಂದಲ್ಲ ಒಂದು ಮನೆಯ ಕಡೆಯಿಂದ ಬಂದವು. ನಂಜನಗೂಡಿನಲ್ಲಿ ಹತ್ತಿ ಮೈಸೂರಿನಲ್ಲಿ ಇಳಿಯುವ ತನಕ ಮಾತ್ರ ಅವಳು ಬರೀ ಪ್ರಯಾಣಿಕಳು. ಅವಳ ವೈಧವ್ಯ, ಮನೆಯಲ್ಲಿ ಬಿಟ್ಟುಬಂದ ಕೂಸು, ಮಾವನವರ ಘನತೆ, ಇವನ್ನೆಲ್ಲ ಆ ಡಬ್ಬಿ ಕೇಳುವುದಿಲ್ಲ. ಟಿಕೆಟ್ಟು ಇದೆಯೋ ಇಲ್ಲವೋ, ಅಷ್ಟೇ ಅದರ ಪ್ರಶ್ನೆ.

ಎಸ್.ಎಲ್. ಭೈರಪ್ಪನವರ ಆ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಗಂಡ ನಂಜುಂಡ ಶ್ರೋತ್ರಿ ಕಪಿಲೆಯಲ್ಲಿ ಮುಳುಗಿ ತೀರಿಕೊಂಡಾಗ ಕಾತ್ಯಾಯನಿಗೆ ಇನ್ನೂ ಚಿಕ್ಕ ವಯಸ್ಸು, ಮಡಿಲಲ್ಲಿ ಮಗು. ಸೊಸೆ ಕಾಲೇಜಿಗೆ ಹೋಗುವ ಮಾತು ಅತ್ತೆ ಭಾಗೀರಥಮ್ಮನಿಗೆ ಹಿಡಿಸದು. ವೇದ ಶಾಸ್ತ್ರಗಳಲ್ಲಿ ಪಳಗಿದ ಮಾವನವರೇ ಒಪ್ಪಿಗೆ ಕೊಡುತ್ತಾರೆ. ಅಲ್ಲಿಂದ ಅವಳ ರೈಲು ಶುರು. ಮೈಸೂರಿನ ಕಾಲೇಜಿನಲ್ಲಿ ರಾಜ ಸಿಗುತ್ತಾನೆ. ಇಂಗ್ಲಿಷ್ ಮೇಷ್ಟ್ರು, ನಾಟಕದ ಹುಚ್ಚಿನವನು, ಇತಿಹಾಸಕಾರ ಸದಾಶಿವರಾಯರ ತಮ್ಮ. ಮುಂದಿನ ಕಥೆ ಕನ್ನಡದ ಓದುಗರಿಗೆ ಬಾಯಿಪಾಠ. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ಅದನ್ನು ಸಿನಿಮಾ ಮಾಡಿದಾಗ ಎಲ್.ವಿ. ಶಾರದಾ ಕಾತ್ಯಾಯನಿಯಾದರು. ಕಾದಂಬರಿ ಓದದವರಿಗೂ ಅವಳಿಗೊಂದು ಮುಖ ಬಂದದ್ದು ಹಾಗೆ.

ಆ ಮನೆಯ ಬಾಗಿಲು ತೆರೆದವರು ಶ್ರೋತ್ರಿಗಳು. ಅವಳನ್ನು ಹೊರಗೆ ಕರೆದುಕೊಂಡು ಹೋದದ್ದು ರೈಲು. ಸಂಜೆಯಾದರೆ ತಪ್ಪದೆ ತಂದು ಬಿಡುತ್ತಿದ್ದದ್ದೂ ಅದೇ ರೈಲು. ಹೊರಗೆ ಹೋಗಲು ಬಿಟ್ಟ ಕೈಯಲ್ಲೇ ಹಿಂದಕ್ಕೆ ಎಳೆಯುವ ಹಗ್ಗವೂ ಇತ್ತು ಎನ್ನುವುದನ್ನು ಇಷ್ಟು ಸಾದಾ ವಸ್ತುವಿನಲ್ಲಿ ಕಾಣಿಸಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ.

ರೈಲೆಂದರೆ ಈಗಿನವರು ಊಹಿಸುವ ರೈಲಲ್ಲ ಅದು. ಮೈಸೂರಿನಿಂದ ನಂಜನಗೂಡಿಗೆ ಹಳಿ ಬಿದ್ದದ್ದು 1891ರಲ್ಲಿ. ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದೇ ಒಂದು ಮೀಟರ್ ಅಗಲ. ಊರಿಂದೂರಿಗೆ ಹೆಚ್ಚೆಂದರೆ 25 ಕಿಲೋಮೀಟರ್ ದಾರಿ. ನಂಜನಗೂಡು ಬಿಟ್ಟರೆ ತಾಂಡವಪುರ, ಕಡಕೊಳ, ಆಮೇಲೆ ಅಶೋಕಪುರಂ, ಚಾಮರಾಜಪುರಂ, ಕೊನೆಗೆ ಮೈಸೂರು. ಕಾಲೇಜಿಗೆ ಹೋಗುವವರಿಗೆ ಚಾಮರಾಜಪುರಂ ಅನುಕೂಲ. ಅಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಉಗಿಬಂಡಿಯ ಕಾಲದಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತರೆ ಕಣ್ಣಿಗೆ ಕಲ್ಲಿದ್ದಲ ಕಣ ಬೀಳುತ್ತಿತ್ತು, ಬಿಳಿ ಸೀರೆಯಾದರೆ ಸೆರಗಿನ ತುಂಬ ಕರಿ ಚುಕ್ಕೆ.

ನಂಜನಗೂಡಿನ ಅಂಚಿನಲ್ಲಿ ಕಪಿಲೆಯ ಹಳೇ ಸೇತುವೆ. ದಳವಾಯಿ ದೇವರಾಜಯ್ಯನವರ ಕಾಲದ್ದು, 1735ರದ್ದು. ರೈಲು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಕಟ್ಟಿದ ಕಲ್ಲಿನ ಕಮಾನುಗಳು. ಎತ್ತಿನ ಗಾಡಿಗಾಗಿ ಕಟ್ಟಿದ ಆ ಸೇತುವೆಯ ಮೇಲೇ ಒಂದು ಪಕ್ಕಕ್ಕೆ ಹಳಿ ಹಾಸಿ, ಇನ್ನೊಂದು ಪಕ್ಕದಲ್ಲಿ ರಸ್ತೆ ಉಳಿಸಿಕೊಂಡರು. ರೈಲೂ ಗಾಡಿಯೂ ಅಕ್ಕಪಕ್ಕ ಹೊಳೆ ದಾಟುತ್ತಿದ್ದವು. ಸೇತುವೆಯ ಮೇಲೆ ರೈಲು ತುಂಬ ನಿಧಾನ. ಪಕ್ಕದಲ್ಲಿ ಸೈಕಲ್ಲಿನವನು ಕಿಟಕಿಯಲ್ಲಿ ಕೂತವರ ಮುಖ ನೋಡಿಕೊಂಡು ಬರುವಷ್ಟು. ಕಾತ್ಯಾಯನಿಯ ರೈಲು ದಿನವೂ ದಾಟುತ್ತಿದ್ದದ್ದು ಇದೇ ಹೊಳೆಯನ್ನು. ಗಂಡನನ್ನು ನುಂಗಿದ ಕಪಿಲೆಯ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾದುಹೋಗದೆ ಅವಳಿಗೆ ಓದೂ ಇಲ್ಲ, ಮನೆಯೂ ಇಲ್ಲ. ಆ ಭೂಗೋಳ ಭೈರಪ್ಪನವರು ಕಟ್ಟಿದ್ದಲ್ಲ, ಊರೇ ಕೊಟ್ಟದ್ದು. ಅದನ್ನು ಆರಿಸಿಕೊಂಡ ಕಣ್ಣು ಮಾತ್ರ ಅವರದು.

ನಮ್ಮ ಚಿಕ್ಕಮ್ಮ ಎಪ್ಪತ್ತರ ದಶಕದಲ್ಲಿ ಇದೇ ರೈಲಿನಲ್ಲಿ ಓಡಾಡಿದವರು. ತಾತ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹೋದ ರೈಲಿನ ಜತೆ ಸಂಜೆಯ ರೈಲೂ ಗೊತ್ತಾಗಿರಬೇಕು. ಆಗಿನ ರೈಲು ಪಾಸನ್ನು ಚಿಕ್ಕಮ್ಮ ಇನ್ನೂ ಇಟ್ಟುಕೊಂಡಿದ್ದಾರೆ. ಮಡಿಕೆಯಲ್ಲಿ ಬಿಳಿಚಿಕೊಂಡ ದಪ್ಪ ಕಾಗದ, ಮೇಲೆ ಪ್ಲಾಸ್ಟಿಕ್ಕಿನ ಚೀಲ. ಹೆಸರು, ವಯಸ್ಸು ಕೈಬರಹದಲ್ಲಿ. ಕಾರ್ಬನ್ನಿನ ನೀಲಿ ಹರಡಿ ವಯಸ್ಸಿನ ಅಂಕಿ ಈಗ ಓದಲು ಬರುವುದಿಲ್ಲ. ಓದಲು ಬರುವುದು ಎರಡು ಊರಿನ ಹೆಸರು ಮಾತ್ರ, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಮೈಸೂರು ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿ ಪಕ್ಕದ ಪ್ಲಾಟ್‌ಫಾರಂನಲ್ಲೇ ನಿಂತಿರುತ್ತಿತ್ತಂತೆ. ‘ಬರೀ ಹತ್ತಿದ್ರೆ ಆಯ್ತು ಅನ್ನಿಸೋದು ಕಣೇ. ಪಾಸು ಮಾತ್ರ ನಂಜನಗೂಡಿಗೇ ಇರೋದು’ ಎನ್ನುತ್ತಾರೆ.

ಸಂಜೆ ತಾತ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದರು. ಮಳೆಗಾಲಕ್ಕೂ ಬೇಸಿಗೆಗೂ ಕೈಯಲ್ಲಿ ಅದೇ ಕೊಡೆ. ಮಗಳ ಮೇಲಿನ ಅಕ್ಕರೆಗೆ ಬಂದರೋ, ಕಾವಲಿಗೆ ಬಂದರೋ ಎಂದು ನಾನು ಕೇಳಿದರೆ ಚಿಕ್ಕಮ್ಮ ಎರಡನ್ನೂ ಬೇರ್ಪಡಿಸುವುದಿಲ್ಲ. ಶ್ರೋತ್ರಿಗಳ ಪಾತ್ರವನ್ನು ಓದುವಾಗ ನನಗೆ ತಾತನ ಆ ಕೊಡೆ ಕಾಣುತ್ತದೆ. ಶ್ರೋತ್ರಿಗಳು ಸೊಸೆಗೆ ಗದರಿದವರಲ್ಲ, ಬಾಗಿಲು ಹಾಕಿದವರಲ್ಲ. ಅಷ್ಟು ಒಳ್ಳೆಯ ಮನುಷ್ಯನಿಗೆ ನೋವು ಕೊಟ್ಟು ಹೊರಡುವುದು ಕೆಟ್ಟವನನ್ನು ಬಿಟ್ಟು ಓಡಿಹೋಗುವುದಕ್ಕಿಂತ ಎಷ್ಟೋ ಕಷ್ಟ. ಕಾತ್ಯಾಯನಿಯ ಸೆರೆಯ ಗೋಡೆ ಕಟ್ಟಿದ್ದೇ ಅವರ ಒಳ್ಳೆಯತನದಿಂದ.

ಚಿಕ್ಕಮ್ಮ ಹೇಳುವ ಹೆಂಗಸರ ಡಬ್ಬಿಯ ಕಥೆಗಳಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ಮೈಸೂರಿನಲ್ಲಿ ಟೈಪಿಸ್ಟ್ ಕೆಲಸಕ್ಕಿದ್ದ ಒಬ್ಬ ವಿಧವೆ ಅದೇ ರೈಲಿಗೆ ಬರುತ್ತಿದ್ದರಂತೆ. ಮನೆಯಿಂದ ಹೊರಡುವಾಗ ಬೋಳು ಹಣೆ, ಬೋಳು ತುರುಬು. ಕಡಕೊಳ ದಾಟಿದ ಮೇಲೆ ಅವರು ಊಟದ ಡಬ್ಬಿಯ ಚೀಲಕ್ಕೆ ಕೈ ಹಾಕಿ, ಬಾಳೆಎಲೆಯ ಚೂರಿನಲ್ಲಿ ಕಟ್ಟಿದ ಒಂದು ತುಂಡು ಮಲ್ಲಿಗೆ ತೆಗೆದು ಮುಡಿದುಕೊಳ್ಳುತ್ತಿದ್ದರು. ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿ, ಕನ್ನಡಿ ಇಲ್ಲದೆ. ಡಬ್ಬಿಯಲ್ಲಿದ್ದ ಅಷ್ಟೂ ಹೆಂಗಸರು ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದರು. ಸಂಜೆ ಹಿಂತಿರುಗುವಾಗ ತಾಂಡವಪುರ ಬಂತೆನ್ನುವಾಗ ಬಾಡಿದ ಆ ಹೂವನ್ನು ತೆಗೆದು ಎದುರಿಗೆ ಕೂತ ಯಾವುದಾದರೂ ಹುಡುಗಿಯ ಜಡೆಗೆ ಮುಡಿಸುತ್ತಿದ್ದರು. ಚಿಕ್ಕಮ್ಮನಿಗೂ ಮುಡಿಸಿದ್ದುಂಟು. ಆ ಹೂವು ಎಲ್ಲಿಯದು ಎಂದು ಮನೆಯಲ್ಲಿ ಕೇಳಿದರೆ ‘ರೈಲಲ್ಲಿ ಒಬ್ಬರು ಕೊಟ್ಟರು’ ಎನ್ನುವುದು. ಅದು ಸುಳ್ಳಲ್ಲವಲ್ಲ.

ಮನೆಗೂ ಕಚೇರಿಗೂ ನಡುವಿನ ಒಂದು ಗಂಟೆಯಲ್ಲಿ ಆ ಹೆಂಗಸು ಮುಡಿದ ಹೂವನ್ನು ಯಾವ ಕಾನೂನೂ ಕೊಟ್ಟದ್ದಲ್ಲ, ಯಾವ ಮಠವೂ ಒಪ್ಪಿದ್ದಲ್ಲ. ಓಡುವ ಡಬ್ಬಿಯೊಂದು ಕೊಟ್ಟಿತು. ಕಾತ್ಯಾಯನಿ ಕಾಗದದ ಮೇಲಿನ ಹೆಣ್ಣು, ಈಕೆ ಚಿಕ್ಕಮ್ಮನ ಪಕ್ಕದಲ್ಲಿ ಕೂತವರು. ಇಬ್ಬರ ರೈಲೂ ಒಂದೇ. ‘ವಂಶವೃಕ್ಷ’ವನ್ನು ಚಿಕ್ಕಮ್ಮ ಓದಿದ್ದೂ ಆ ರೈಲಿನಲ್ಲೇ, ಲೈಬ್ರರಿಯ ಪ್ರತಿ, ಮನೆಯವರ ಕಣ್ಣಿಗೆ ಬೀಳದ ಹಾಗೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಕೊಂಡು. ಮರುಮದುವೆಯ ಕಾದಂಬರಿ ಎಂದು ಹೆಸರಾಗಿದ್ದ ಪುಸ್ತಕವನ್ನು ಆಗಿನ ನಂಜನಗೂಡಿನ ಮನೆಯೊಂದರಲ್ಲಿ ಹಜಾರದಲ್ಲಿ ಕೂತು ಓದುವ ಹಾಗಿರಲಿಲ್ಲ.

ರೈಲಿಗೆ ಮುಂಚೆ ನಮ್ಮ ಕಾದಂಬರಿಗಳಲ್ಲಿ ಏನಿತ್ತು ಎಂದು ಯೋಚಿಸಿದರೆ ಗಾಡಿ ಇತ್ತು, ಕಾಲ್ನಡಿಗೆ ಇತ್ತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ತೆರೆದುಕೊಳ್ಳುವುದು ತೀರ್ಥಹಳ್ಳಿಯ ತುಂಗೆಯ ಬಳಿ. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯರನ್ನು ಕರೆದೊಯ್ಯಲು ಮನೆಯಿಂದ ಗಾಡಿ ಬಂದಿರುತ್ತದೆ. ಎತ್ತುಗಳು ಮನೆಯವು, ಹೊಡೆಯುವವನು ಮನೆಯ ಆಳು, ಹಾಸಿದ ಹುಲ್ಲೂ ಮನೆಯ ಗದ್ದೆಯದು. ಗಾಡಿಯಲ್ಲಿ ಕೂತವನು ಊರು ತಲುಪುವ ಮುಂಚೆಯೇ ಮನೆಯೊಳಗೆ ಕೂತ ಹಾಗೆ. ಹೆಣ್ಣುಮಕ್ಕಳ ಪಾಲಿಗಂತೂ ಕಮಾನು ಗಾಡಿ ಎಂದರೆ ತವರಿಂದ ಗಂಡನ ಮನೆಗೆ, ಗಂಡನ ಮನೆಯಿಂದ ಬಾಣಂತನಕ್ಕೆ. ಹೊರಗಿನ ಲೋಕ ಮುಂದಿನ ಪರದೆಯ ಸಂದಿನಲ್ಲಿ ಕಂಡಷ್ಟು. ‘ಮಲೆಗಳಲ್ಲಿ ಮದುಮಗಳು’ವಿನ ಚಿನ್ನಮ್ಮ ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳುವಾಗ ಗಾಡಿಯ ಮಾತೇ ಇಲ್ಲ. ರಾತ್ರಿ, ಕಾಡು, ಬರಿಗಾಲು. ಬಿಡುಗಡೆ ಬೇಕಾದವಳಿಗೆ ವಾಹನವೇ ಇಲ್ಲದ ಕಾಲ ಅದು, ಯಾಕೆಂದರೆ ಇದ್ದ ವಾಹನವೆಲ್ಲ ಮನೆಯದೇ ಆಗಿತ್ತು.

ರೈಲಿನ ದೊಡ್ಡ ಗುಣ ಇದು: ಅದರ ಡ್ರೈವರ್ ಯಾರ ಮನೆಯ ಆಳೂ ಅಲ್ಲ. ಹಗ್ಗ ಹಿಡಿದವನು ಮುಂದೆ ಎಲ್ಲೋ ಇರುತ್ತಾನೆ, ಅವನಿಗೆ ನಿನ್ನ ಗೋತ್ರ ಗೊತ್ತಿಲ್ಲ.

ಹಾಗೆಂದು ಹಳಿಯ ಮೇಲೆ ಹತ್ತಿಸಿದ ಮಾತ್ರಕ್ಕೆ ಎಲ್ಲರಿಗೂ ಕಿಟಕಿ ಸಿಗಲಿಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಇದೆ, 1899ರದ್ದು. ಅರಮನೆಯ ಹೆಂಗಸರು ಮನೆಯನ್ನೇ ಕಟ್ಟಿಕೊಂಡು ಪ್ರಯಾಣ ಹೊರಡಲು ಮಾಡಿದ ಗಾಡಿ. ಅಡುಗೆಗೆ, ಊಟಕ್ಕೆ, ಮಲಗುವುದಕ್ಕೆ ಎಲ್ಲದಕ್ಕೂ ಅನುಕೂಲವಿರುವಂಥದ್ದು. ಮರದ ಕೆತ್ತನೆ ನೋಡಿ ಜನ ಮೆಚ್ಚಿಕೊಂಡು ಹೋಗುತ್ತಾರೆ, ನನಗೆ ಅಲ್ಲಿ ನಿಂತಾಗಲೆಲ್ಲ ಉಸಿರು ಬಿಗಿಯುತ್ತದೆ. ಮೂರನೇ ದರ್ಜೆಯ ಹಲಗೆಯ ಮೇಲೆ ಒತ್ತಿಕೊಂಡು ಕೂತ ಕಾತ್ಯಾಯನಿಗೆ ಸಿಕ್ಕಿದ್ದು ಆ ಸಲೂನಿನೊಳಗಿನವರಿಗೆ ಸಿಕ್ಕಿರಲಾರದು. ಪಕ್ಕದಲ್ಲಿ ಗುರುತಿಲ್ಲದವರೊಬ್ಬರು ಬಂದು ಕೂರುವ ಭಾಗ್ಯ ಅದು.

ಇದೇ ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣರು ಮಾಲ್ಗುಡಿಯ ರೈಲು ಓಡಿಸಿದರು. ‘ದಿ ಗೈಡ್’ (1958) ಕಾದಂಬರಿಯ ರಾಜುವಿನ ಕಣ್ಣೆದುರೇ ಊರಿಗೆ ಹಳಿ ಬರುತ್ತದೆ, ಸ್ಟೇಷನ್ನಿನಲ್ಲಿ ಅಪ್ಪನಿಗೆ ಅಂಗಡಿ ಸಿಗುತ್ತದೆ, ಮಗ ರೈಲ್ವೆ ರಾಜು ಎನ್ನಿಸಿಕೊಳ್ಳುತ್ತಾನೆ. ಆ ಸ್ಟೇಷನ್ನಿನಲ್ಲಿ ಇಳಿದವರೇ ಅವನನ್ನು ಎತ್ತಿದರು, ಬೀಳಿಸಿದರು, ಜೈಲಿಗೂ ಕಳಿಸಿದರು ಎನ್ನಬಹುದು. ರೈಲು ಹತ್ತಿ ಹೋದವರ ಕಥೆಯಲ್ಲ ಅದು, ರೈಲು ಬರುವುದನ್ನು ಕಾಯುತ್ತ ನಿಂತವನ ಕಥೆ. ನಾನು ಹೆಚ್ಚು ಹೇಳುವುದಿಲ್ಲ. ರಾಜುವಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಮಾಲ್ಗುಡಿಯ ಧಾರಾವಾಹಿಯನ್ನು ಚಿತ್ರೀಕರಿಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಈಗ ಅದರ ನೆನಪಿಗೆ ಮ್ಯೂಸಿಯಂ ಮಾಡಿದ್ದಾರೆ, ಅದು ಸಂತೋಷದ ಮಾತು. ಕಾತ್ಯಾಯನಿಗೂ ಚಾಮರಾಜಪುರಂ ನಿಲ್ದಾಣದಲ್ಲಿ ಒಂದು ಕಲ್ಲು ಬೆಂಚು ಮೀಸಲಾಗಬೇಕು ಎಂದು ನನಗೆ ಬಹಳ ದಿನದ ಆಸೆ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳ ಸ್ವಾತಂತ್ರ್ಯ ಎಷ್ಟು ಗಂಟೆಗೆ ಶುರುವಾಗಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಸ್ಟೇಷನ್ನಿನ ಗೋಡೆಯ ಮೇಲೆ ಬರೆದಿರುತ್ತಿತ್ತು. ಅದನ್ನು ಮೀರುವ ದಾರಿ ಒಂದೇ, ರೈಲು ತಡವಾಗುವುದು. ಆಗ ಯಾರದೂ ತಪ್ಪಿಲ್ಲ. ಒಂಟಿ ಹಳಿಯ ದಾರಿ. ಎದುರಿನ ಗಾಡಿ ಬಂದು, ಟೋಕನ್ ಕೈಗೆ ಸಿಕ್ಕಿದ ಮೇಲೇ ಡ್ರೈವರ್ ಮುಂದಿನ ತುಂಡಿಗೆ ಕಾಲಿಡಬೇಕು. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲ, ಅದರೊಳಗೆ ಲೋಹದ ಗುಂಡು. ಅದಿಲ್ಲದೆ ಇಂಜಿನ್ನೂ ಕದಲುವಂತಿಲ್ಲ. ಕ್ರಾಸಿಂಗ್ ಇದ್ದ ದಿನ ಕಡಕೊಳದಲ್ಲಿ ಗಾಡಿ ನಿಂತುಬಿಟ್ಟರೆ ಗಂಡಸರು ಕೆಳಗಿಳಿದು ಬೀಡಿ ಹಚ್ಚುತ್ತಿದ್ದರು, ‘ಏನ್ ಸಾರ್, ಇವತ್ತೂ ಹೀಗೇನಾ’ ಎಂದು ಗಾರ್ಡಿನ ಮೇಲೆ ರೇಗುತ್ತಿದ್ದರು. ಹೆಂಗಸರ ಡಬ್ಬಿಯಲ್ಲಿ ಮಾತ್ರ ಯಾರಿಗೂ ಬೇಸರವಿಲ್ಲ. ಕಡಲೆಕಾಯಿ ಬರುತ್ತಿತ್ತು, ಒಬ್ಬರು ಹಾಡು ಹೇಳುತ್ತಿದ್ದರು, ಪರೀಕ್ಷೆ ಹತ್ತಿರವಿದ್ದವರು ಓದಿಕೊಳ್ಳುತ್ತಿದ್ದರು. ಮನೆಯಲ್ಲಿ ಹೊತ್ತಿಸಬೇಕಾದ ಒಲೆ ಅಷ್ಟು ಹೊತ್ತು ಬೇರೆ ಯಾರದೋ ಜವಾಬ್ದಾರಿ. ‘ರೈಲು ಲೇಟು’ ಎನ್ನುವ ಉತ್ತರಕ್ಕೆ ಅತ್ತೆಯ ಬಳಿಯೂ ತಾತನ ಬಳಿಯೂ ಎದುರುಪ್ರಶ್ನೆ ಇರಲಿಲ್ಲ. ಹಿಂದಿನ ತಲೆಮಾರಿನ ಎಷ್ಟು ಹೆಣ್ಣುಮಕ್ಕಳು ಜೀವನದ ನಿಶ್ಚಿಂತೆಯ ಗಳಿಗೆಗಳನ್ನು ಹೀಗೆ ಸಿಗ್ನಲ್ ಬೀಳದ ರೈಲಿನಲ್ಲಿ ಕಳೆದರೋ. ಅದನ್ನು ಬರೆದಿಟ್ಟವರು ಕಡಮೆ.

ಕಾತ್ಯಾಯನಿ ಒಂದು ದಿನ ಹಿಂದಿರುಗುವ ರೈಲನ್ನು ಬಿಟ್ಟುಕೊಟ್ಟಳು. ರಾಜನನ್ನು ಮದುವೆಯಾದಳು. ಆಮೇಲೆ ಮಗುವನ್ನು ಕೇಳಲು ನಂಜನಗೂಡಿಗೆ ಬಂದಾಗ ಶ್ರೋತ್ರಿಗಳು ಅಡ್ಡ ನಿಲ್ಲುವುದಿಲ್ಲ, ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಮೈಸೂರಿಗೆ ಹಿಂತಿರುಗುತ್ತಾಳೆ. ಅದೇ ಹೊಳೆ, ಅದೇ ದಾರಿ. ಇಷ್ಟು ದಿನ ಮನೆ ಬಿಟ್ಟು ಹೊರಗೆ ಹೊರಟ ದಾರಿ ಆಗಿದ್ದದ್ದು ಈಗ ಮಗನನ್ನು ಬಿಟ್ಟು ಹೊರಟ ದಾರಿಯಾಗುತ್ತದೆ. ಆ ಪುಟಗಳನ್ನು ನಾನು ಇವತ್ತಿಗೂ ಒಂದೇ ಉಸಿರಿನಲ್ಲಿ ಓದಲಾರೆ.

ಮುಂದೆ ಆಗುವುದರ ಬಗ್ಗೆ ನನಗೆ ಭೈರಪ್ಪನವರ ಮೇಲೆ ಮುನಿಸಿದೆ. ಮತ್ತೆ ಮತ್ತೆ ಗರ್ಭಪಾತ, ಒಳಗೇ ಕೊರೆಯುವ ಪಾಪಪ್ರಜ್ಞೆ, ಕರಗುತ್ತ ಹೋಗುವ ದೇಹ. ಮಗ ದೊಡ್ಡವನಾಗಿ ಮೈಸೂರಿಗೇ ಓದಲು ಬಂದಾಗ ಅವಳಿಗೆ ಅವನ ಗುರುತು ಹತ್ತುತ್ತದೆ. ಅವನ ಬಾಯಿಂದ ಅವಳು ಕೇಳಬೇಕೆಂದಿದ್ದ ಮಾತು ಬರುವುದಿಲ್ಲ. ಅವಳು ಸಾಯುತ್ತಾಳೆ. ಇತ್ತ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ತಿಳಿದು, ತಾವು ಕಾಪಾಡಿಕೊಂಡು ಬಂದ ವಂಶದ ಬುಡವೇ ಅಲುಗಿ, ಎಲ್ಲವನ್ನೂ ಬಿಟ್ಟು ಹೊರಡುತ್ತಾರೆ. ಮಾವನವರಿಗೆ ಕಾದಂಬರಿ ಸಂನ್ಯಾಸದ ದಾರಿ ಕೊಟ್ಟಿತು. ಸೊಸೆಗೆ ಯಾಕೆ ಅಂಥದ್ದೊಂದು ದಾರಿ ಇಲ್ಲ? ಅವಳಿಗೆ ಶಿಕ್ಷೆಯಾಯಿತು ಎನ್ನುವವರೂ, ಶಿಕ್ಷೆಯಲ್ಲ, ಎರಡು ಮೌಲ್ಯಗಳ ನಡುವೆ ಸಿಕ್ಕವರಿಗೆ ಹೀಗೇ ಆಗುತ್ತದೆ ಎನ್ನುವವರೂ ಇದ್ದಾರೆ. ಎರಡನೆಯವರ ಮಾತು ನನಗೆ ಅರ್ಥವಾಗುತ್ತದೆ. ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಕಾದಂಬರಿಯ ಕೊನೆಗಿಂತ ಅದರ ರೈಲು ದೊಡ್ಡ ಸತ್ಯ ಹೇಳುತ್ತದೆ ಎಂದು ನನ್ನ ನಂಬಿಕೆ. ಓಡಾಡುತ್ತಿದ್ದಷ್ಟು ದಿನ ಅವಳಿಗೆ ಎರಡು ಊರಿದ್ದವು. ಓಡಾಟ ನಿಂತಾಗ ಒಂದೂ ಪೂರ್ತಿ ಅವಳದಾಗಿ ಉಳಿಯಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡರು. ಆ ಸುದ್ದಿ ಬಂದ ದಿನ ನಾನು ಮತ್ತೆ ‘ವಂಶವೃಕ್ಷ’ ಕೈಗೆತ್ತಿಕೊಂಡೆ. ಮುನಿಸು ಹಾಗೇ ಇತ್ತು. ಜಗಳವಾಡಲು ಇಷ್ಟು ಗಟ್ಟಿಯಾದ ಹೆಣ್ಣೊಬ್ಬಳನ್ನು ಕೊಟ್ಟು ಹೋದದ್ದಕ್ಕೆ ಕೃತಜ್ಞತೆಯೂ ಇತ್ತು.

ಆ ರೈಲು ಈಗಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರು–ಚಾಮರಾಜನಗರದ ಹಳಿಯನ್ನು ಬ್ರಾಡ್ ಗೇಜ್ ಮಾಡಿದರು. ಮಾಡಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಅಗಲದ ಡಬ್ಬಿ, ಹೆಚ್ಚು ಜನ, ದೂರದೂರಿನ ಗಾಡಿಗಳಿಗೂ ದಾರಿ. ರೈಲಿಗೆ ಹೊಸ ಸೇತುವೆ ಬಂತು. ಹಳೆಯದು ಪಕ್ಕದಲ್ಲಿ ಸುಮ್ಮನೆ ನಿಂತಿದೆ. ಹೊಸ ಸೇತುವೆಯನ್ನು ಗಾಡಿ ದಾಟುವುದು ಗೊತ್ತೇ ಆಗುವುದಿಲ್ಲ, ಹೊಳೆ ಕಂಡಿತು ಎನ್ನುವಷ್ಟರಲ್ಲಿ ಮುಗಿದಿರುತ್ತದೆ. ಪಕ್ಕದಲ್ಲಿ ಸೈಕಲ್ಲಿನವನೂ ಇಲ್ಲ, ಎತ್ತಿನ ಗಾಡಿಯೂ ಇಲ್ಲ. ನಂಜನಗೂಡಿನಲ್ಲಿ ಹೀಗೆ ತೆಳುವಾಗುತ್ತಿರುವುದು ರೈಲಿನ ನೆನಪೊಂದೇ ಅಲ್ಲ. ರಸಬಾಳೆಯೂ ರೋಗಕ್ಕೆ ಸಿಕ್ಕಿ ತೋಟಗಳಲ್ಲಿ ಅಪರೂಪವಾಗಿದೆ. ಆದರೆ ಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಉಳಿಸಬೇಕೆನ್ನುವವರಿದ್ದಾರೆ. ಒಂದು ಗಂಟೆಯ ನಿರಾಳಕ್ಕೆ ಯಾರು ಪಟ್ಟ ಕೊಡುತ್ತಾರೆ?

ನಾನು ಅಳುತ್ತಿರುವುದು ಉಗಿಬಂಡಿಗಾಗಿ ಅಲ್ಲ. ಹೋದ ಸಲ ಆ ದಾರಿಯಲ್ಲಿ ಬಂದಾಗ ಎದುರಿಗೆ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಮಡಿಲಲ್ಲಿ ಪುಸ್ತಕವೂ ಇತ್ತು. ಚಾಮರಾಜಪುರಂ ಬಿಡುತ್ತಿದ್ದಂತೆ ಫೋನ್ ಬಂತು. ‘ಹ್ಞೂಂ ಅಮ್ಮ, ಹತ್ತಿದೆ.’ ಅಶೋಕಪುರಂ ಆದಮೇಲೆ ಇನ್ನೊಂದು ಸಲ. ‘ಇಲ್ಲಣ್ಣ, ಒಬ್ಬಳೇ.’ ಕಡಕೊಳದಲ್ಲಿ ಫೋಟೋ ತೆಗೆದು ಕಳಿಸಿದಳು. ಸಿಟ್ಟಿನ ಮುಖವೇನಲ್ಲ, ಅಭ್ಯಾಸದ ಮುಖ. ತಾತ ಸ್ಟೇಷನ್ನಿನ ಹೊರಗೆ ಕೊಡೆ ಹಿಡಿದು ಕಾಯುತ್ತಿದ್ದರು, ಅಲ್ಲಿಯ ತನಕ ಚಿಕ್ಕಮ್ಮನ ದಾರಿ ಚಿಕ್ಕಮ್ಮನದು. ಈ ಹುಡುಗಿಯ ಮನೆ ಅವಳ ಜತೆಗೇ ಡಬ್ಬಿ ಹತ್ತಿ, ಎದುರು ಸೀಟಿನಲ್ಲಿ ಕೂತು, ನಿಲ್ದಾಣ ನಿಲ್ದಾಣಕ್ಕೂ ಹಾಜರಿ ಕೂಗುತ್ತದೆ. ಕಡಕೊಳ ದಾಟಿದ ಮೇಲೆ ಮಲ್ಲಿಗೆ ಮುಡಿಯುವ ಆ ಟೈಪಿಸ್ಟ್ ಈಗಿದ್ದಿದ್ದರೆ ಹೂವಿನ ಫೋಟೋ ಯಾರ ಫೋನಿಗೆ ಹೋಗುತ್ತಿತ್ತೋ ಎಂದು ಯೋಚಿಸಿದರೆ ಭಯವಾಗುತ್ತದೆ. ರೈಲು ತಡವಾದರೂ ಈಗ ಉಪಯೋಗವಿಲ್ಲ. ಎಲ್ಲಿ ನಿಂತಿದೆ, ಎಷ್ಟು ನಿಮಿಷ ತಡ ಎನ್ನುವುದು ಡ್ರೈವರಿಗಿಂತ ಮುಂಚೆ ಮನೆಗೆ ತಿಳಿದಿರುತ್ತದೆ.

ಇನ್ನೊಂದು ಕಡೆ ಹೊಸ ಓಡಾಟವೂ ಶುರುವಾಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡಬೇಕಾಗಿಲ್ಲ. ನಂಜುಂಡೇಶ್ವರನ ಗುಡಿಯ ಮುಂದೆ ಬಂದಿಳಿಯುವ ಗುಂಪುಗಳನ್ನು ನೋಡಬೇಕು: ಊರು ಬಿಟ್ಟು ಬಾರದ ಮುದುಕಿಯರು, ಕೂಲಿ ಬಿಟ್ಟು ಬಂದವರು, ಯಾರ ಅಪ್ಪಣೆಯೂ ಕೇಳದೆ ಗೆಳತಿಯರ ಜತೆ ಹೊರಟವರು. ಗಂಡನ ಜೇಬಿಗೆ ಕೈ ಒಡ್ಡದೆ ಬಸ್ಸು ಹತ್ತುವುದು ಸಣ್ಣ ಮಾತಲ್ಲ. ನೂಕಾಟ, ಕಂಡಕ್ಟರಿನ ಗೊಣಗಾಟ ಎಲ್ಲ ಇದ್ದದ್ದೇ. ಆ ಬಸ್ಸಿನಲ್ಲಿ ಒಬ್ಬಳು ಕಾತ್ಯಾಯನಿ ಇದ್ದೇ ಇರುತ್ತಾಳೆ. ಅವಳನ್ನು ಬರೆಯುವ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ, ಇನ್ನೂ ನನ್ನ ಕೈಗೆ ಬಂದಿಲ್ಲ. ಈಚಿನ ಕಥೆಗಳಲ್ಲಿ ಪಾತ್ರಗಳು ಬೆಂಗಳೂರಿನಲ್ಲಿ ಮಲಗಿ ಅಮೆರಿಕದಲ್ಲಿ ಎದ್ದಿರುತ್ತವೆ. ಹೋದರು, ಬಂದರು ಎನ್ನುವ ಎರಡು ಕ್ರಿಯಾಪದಗಳ ನಡುವಿನ ದಾರಿ ಮಾತ್ರ ಕಾಣುವುದಿಲ್ಲ. ದಾರಿ ಹೋದರೆ ಮನಸ್ಸು ತೂಗುವ ಜಾಗವೂ ಹೋಯಿತು. ಕಾತ್ಯಾಯನಿ ರಾಜನ ಬಗ್ಗೆ ಯೋಚಿಸಬೇಕಾದ್ದನ್ನು ಅತ್ತೆಯ ಅಡುಗೆಮನೆಯಲ್ಲಿ ಯೋಚಿಸಲು ಬರುತ್ತಿರಲಿಲ್ಲ, ರಾಜನ ಎದುರಿಗೂ ಬರುತ್ತಿರಲಿಲ್ಲ.

ಚಿಕ್ಕಮ್ಮ ಮದುವೆಯಾಗಿ ಮೈಸೂರಿಗೇ ಬಂದರು. ಸರಸ್ವತೀಪುರಂನಲ್ಲಿ ಮನೆ, ಒಳ್ಳೆಯ ಗಂಡ, ಬ್ಯಾಂಕಿನ ಕೆಲಸ. ದಿನಾ ತಲುಪುತ್ತಿದ್ದ ಊರಿನಲ್ಲೇ ಉಳಿದುಬಿಟ್ಟ ಮೇಲೆ ರೈಲು ಹತ್ತುವ ಕಾರಣವೇ ಹೋಯಿತು. ಮೊದಲಿನ ಕೆಲವು ತಿಂಗಳು ಸಂಜೆಯ ಗಾಡಿಯ ಶಿಳ್ಳೆ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತಂತೆ. ಅವರು ಆ ಕಾದಂಬರಿಯನ್ನು ಈಗಲೂ ಬಿಡಿಸಿ ಬಿಡಿಸಿ ಓದುತ್ತಾರೆ. ಮಗನನ್ನು ಬಿಟ್ಟದ್ದು ತಪ್ಪೋ ಸರಿಯೋ, ಭೈರಪ್ಪನವರು ಅನ್ಯಾಯ ಮಾಡಿದರೋ ಇಲ್ಲವೋ ಎಂದು ನಾನು ಕೆದಕಿದಾಗ ಅವರು ಬೇರೆಯದೇ ಹೇಳಿದರು.

‘ಅವಳು ಅವಸರ ಮಾಡಿಬಿಟ್ಟಳು ಕಣೇ. ಇನ್ನೊಂದಷ್ಟು ವರ್ಷ ಓಡಾಡಬೇಕಿತ್ತು.’

‘ಓಡಾಡಿ ಓಡಾಡಿ ಏನ್ ಮಾಡ್ಬೇಕಿತ್ತು ಚಿಕ್ಕಮ್ಮ? ಸಂಜೆ ಮತ್ತೆ ಅದೇ ಮನೆಗೆ ತಾನೇ ಬರೋದು?’

‘ಬೆಳಿಗ್ಗೆ ಮತ್ತೆ ಹೊರಡ್ತಿದ್ದಳಲ್ಲ’ ಎಂದರು.

ನಾನು ಇದನ್ನು ಒಪ್ಪಿಲ್ಲ. ಜೀವಮಾನವಿಡೀ ಪಾಸಿನ ಮೇಲೆ ಬದುಕು ಎಂದು ಯಾವ ಹೆಣ್ಣಿಗೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಈ ವಿಷಯಕ್ಕೆ ನಮ್ಮಿಬ್ಬರಿಗೂ ಸಿಕ್ಕಾಗಲೆಲ್ಲ ವಾದ ಆಗುತ್ತದೆ. ಅವರು ರೈಲಿನ ಕಡೆ, ನಾನು ರಾಜನ ಕಡೆ.